ಮರ್ಯಾದೆಯ ಹಗ್ಗ

ನಮ್ಮ ಮನೆಯ ದೇವರ ಮಂಟಪದ ಪರದೆಗೆ ಒಂದು ಹಗ್ಗ ಕಟ್ಟಿದೆ. ನೀಲಿ ಮತ್ತು ಚಿನ್ನದ ಬಣ್ಣದ ಎಳೆಗಳನ್ನು ಹೊಸೆದು ಮಾಡಿದ್ದು, ಎರಡು ತುದಿಗೂ ದಪ್ಪ ದಪ್ಪ ಕುಚ್ಚು. ಮನೆಗೆ ಬಂದವರು ಯಾರೇ ಆಗಲಿ, ಅದನ್ನು ಒಂದು ಸಲ ಮುಟ್ಟಿ ನೋಡದೆ ಹೋಗುವುದಿಲ್ಲ. ಈ ಸಲ ಗೌರಿ ಹಬ್ಬಕ್ಕೆ ಕುಂಕುಮಕ್ಕೆ ಬಂದಿದ್ದ ಸುಮಾ ಕೂಡ ಮುಟ್ಟಿದಳು. ಸುಮಾ ಮೈಸೂರಿನವಳು, ಅಮೆರಿಕದ ಇದೇ ಪ್ಲೆಸೆಂಟನ್ನಿನಲ್ಲಿ ನಮ್ಮಿಂದ ಎರಡು ಬೀದಿ ಆಚೆ ಇದ್ದಾಳೆ, ಇಲ್ಲಿನ ಕನ್ನಡದವರ ವಾಟ್ಸಾಪ್ ಗ್ರೂಪು ಅವಳದೇ.

“ಎಷ್ಟು ಚೆನ್ನಾಗಿದೆ ಪ್ರಮೀಳಾ! ಚಿಕ್ಕಪೇಟೆದಾ?” ಎಂದು ಕೇಳಿದಳು.

ನಾನು ಬಾಯಿ ತೆರೆದೆ. ತೆರೆದ ಬಾಯಿಗೆ ಏನು ಹೇಳಿಕೊಡಬೇಕೆಂದು ನನಗೆ ತಿಳಿಯಲಿಲ್ಲ. ಈ ಹಗ್ಗದ ವಿಷಯದಲ್ಲಿ ನಾನು ಈಗಾಗಲೇ ಒಬ್ಬರಿಗೆ “ಊರಿಂದ ತಂದಿದ್ದು” ಎಂದಿದ್ದೇನೆ, ಇನ್ನೊಬ್ಬರಿಗೆ “ಹಿಂಗೇ, ಎಲ್ಲೋ ಸಿಕ್ತು” ಎಂದಿದ್ದೇನೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ ಕಣ್ರೀ. ನಿಜ ಹೇಳಲು ಹೊರಟರೆ ನನಗೇ ಅದರ ತಲೆಬುಡ ಗೊತ್ತಾಗುವುದಿಲ್ಲ. ಕೇಳುವವರು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳುತ್ತಾರೆ, ನಾನು ಹಾಸನದಿಂದ ಶುರುಮಾಡಬೇಕಾಗುತ್ತದೆ. ನಿಮಗೆ ಪುರುಸೊತ್ತಿದೆ ಎಂದುಕೊಂಡು ಹೇಳುತ್ತೇನೆ.

ಹಾಸನದಲ್ಲಿ ನಾನು ಓದಿದ ಶಾಲೆಯಲ್ಲಿ ಬಹುಮಾನದ ದಿನ ಎಂದರೆ ಹಬ್ಬ. ಶಾಮಿಯಾನ, ಮುಖ್ಯ ಅತಿಥಿಗಳು, ಅವರಿಗೆ ಹಾರ ತುರಾಯಿ, ಮೈಕು ಕೀಂಯ್ ಎನ್ನುವುದು, ಒಬ್ಬ ಮೇಷ್ಟ್ರು ಓಡಿಬಂದು ಅದರ ತಲೆಗೆ ತಟ್ಟುವುದು, ಎಲ್ಲವೂ ಇತ್ತು. ನಾನು ಪ್ರತಿವರ್ಷವೂ ವೇದಿಕೆಯ ಮೇಲೆಯೇ ಇರುತ್ತಿದ್ದೆ. ಬಹುಮಾನಕ್ಕಲ್ಲ, ಪ್ರಾರ್ಥನೆಗೆ. ನಾಲ್ಕು ಜನ ಹುಡುಗಿಯರು ಪ್ರಾರ್ಥನೆ ಹಾಡಿ ಪಕ್ಕಕ್ಕೆ ಸರಿದು ನಿಂತರೆ ಮಿಕ್ಕವರು ಬಂದು ಸ್ಟೀಲಿನ ಲೋಟ, ತಟ್ಟೆ ತೆಗೆದುಕೊಂಡು ಹೋಗುತ್ತಿದ್ದರು. ಒಮ್ಮೆ ಮಾತ್ರ ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡುವ ಆಟದಲ್ಲಿ ನನಗೆ ಒಂದು ಸೋಪಿನ ಡಬ್ಬಿ ಬಂತು. ಮುಂದಿದ್ದ ಇಬ್ಬರು ಡಿಕ್ಕಿ ಹೊಡೆದುಕೊಂಡು ಬಿದ್ದದ್ದರಿಂದ ಬಂದದ್ದು ಅದು. ಆದರೂ ಬಂತಲ್ಲ! ಆ ಗುಲಾಬಿ ಬಣ್ಣದ ಡಬ್ಬಿಯಲ್ಲಿ ನಾನು ಸೋಪು ಇಡಲು ಬಿಡಲೇ ಇಲ್ಲ. ಸೋಪು ಇಟ್ಟರೆ ಕರಗಿ ಅಂಟಾಗುತ್ತದೆಂದು ಹೇರ್‌ಪಿನ್ನು ಇಟ್ಟುಕೊಂಡಿದ್ದೆ.

ಆಮೇಲೆ ಬಿ.ಕಾಂ. ಸೇರಿದೆ. ಎರಡನೆಯ ವರ್ಷದಲ್ಲಿ ಮದುವೆ ಗೊತ್ತಾಯಿತು, ಕಾಲೇಜು ಬಿಟ್ಟೆ. ಯಾರೂ ಅತ್ತು ಕರೆಯಲಿಲ್ಲ, ನಾನೂ ಅಳಲಿಲ್ಲ. ಗಂಡು ಮಂಡ್ಯದವರು, ಅಮೆರಿಕದಲ್ಲಿ ಇಂಜಿನಿಯರು, ಅಷ್ಟೇ ಎಲ್ಲರ ಬಾಯಲ್ಲೂ. ಹಾಗೆ ಬಂದವಳು ಇಲ್ಲೇ ಬೇರು ಬಿಟ್ಟೆ. ಒಬ್ಬನೇ ಮಗ ತೇಜು, ಅಂದರೆ ತೇಜಸ್, ದೊಡ್ಡವನಾಗಿ ಒಂದೂವರೆ ಗಂಟೆ ದೂರದ ಯೂನಿವರ್ಸಿಟಿಗೆ ಬ್ಯುಸಿನೆಸ್ ಓದಲು ಹೋದ. ಇವರು, ಅಂದರೆ ನಮ್ಮ ಯಜಮಾನರು, ಬೆಳಗ್ಗೆ ಸೇತುವೆ ದಾಟಿ ರೆಡ್‌ವುಡ್ ಸಿಟಿಯ ಆಫೀಸಿಗೆ ಹೋದರೆ ಸಂಜೆ ಫ್ರೀವೇಗೆ ಶಾಪ ಹಾಕುತ್ತಾ ಬರುತ್ತಾರೆ. ನಡುವಿನ ಹೊತ್ತಿನಲ್ಲಿ ನಾನು ಮತ್ತು ಡಿಶ್‌ವಾಷರು. ಒಂದು ದಿನ ಏನು ತಿಳಿಯಿತೋ, ಯಾವ ವಯಸ್ಸಿನವರೂ ಸೇರಬಹುದಾದ ಹತ್ತಿರದ ಕಮ್ಯೂನಿಟಿ ಕಾಲೇಜಿಗೆ ಹೋಗಿ ಅಕೌಂಟಿಂಗ್ ಕ್ಲಾಸಿಗೆ ಹೆಸರು ಬರೆಸಿಕೊಂಡು ಬಂದೆ. ಯೋಗ ಕ್ಲಾಸಿಗೆ ಸೇರಲು ಹೋಗಿದ್ದೆ ಎನ್ನುವುದು ಬೇರೆ ಮಾತು. ಯೋಗದಲ್ಲಿ ಜಾಗ ಇರಲಿಲ್ಲ.

ಕ್ಲಾಸಿನಲ್ಲಿ ನನ್ನ ಮಗನಿಗಿಂತ ಚಿಕ್ಕ ಮಕ್ಕಳು ಕಿವಿಗೆ ಏನೇನೋ ಸಿಕ್ಕಿಸಿಕೊಂಡು ಹಿಂದಿನ ಸಾಲಿನಲ್ಲಿ, ನಾನು ಕನ್ನಡಕ ಹಾಕಿಕೊಂಡು ಮುಂದಿನ ಸಾಲಿನಲ್ಲಿ. ಪಾಠ ಹೇಳುವವರು ಲಿಂಡಾ ಅಂತ, ನನಗಿಂತ ಹತ್ತು ವರ್ಷ ಚಿಕ್ಕವರು. ಮೊದಲ ದಿನವೇ “ನನ್ನನ್ನು ಲಿಂಡಾ ಅನ್ನಿ ಸಾಕು” ಎಂದರು. ಮೇಷ್ಟ್ರನ್ನು ಹೆಸರು ಹಿಡಿದು ಕರೆಯುವುದೇ? ನನ್ನ ನಾಲಗೆ ಹೊರಳಲಿಲ್ಲ. “ಲಿಂಡಾ ಮೇಡಂ” ಎಂದೆ. ಅವರು ಹಾಗಲ್ಲ ಎಂದು ತಿದ್ದಿದರು, ನಾನು “ಸರಿ ಮೇಡಂ” ಎಂದೆ. ಅಲ್ಲಿಗೆ ಬಿಟ್ಟುಬಿಟ್ಟರು.

ಕಳೆದ ಮಾರ್ಚಿನಲ್ಲಿ ಒಂದು ಇಮೇಲು ಬಂತು. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಒಂದೇ ಹಳೆಯ ಇಮೇಲು. ಕರೆಂಟು ಬಿಲ್ಲು, ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟು, ತೇಜುವಿನ ಕಾಲೇಜಿನ ಸಮಾಚಾರ, ಎಲ್ಲ ಅಲ್ಲಿಗೇ ಬಂದು ಬೀಳುತ್ತವೆ. ಇದು ಮೊದಲು ಇವರ ಕಣ್ಣಿಗೆ ಬಿತ್ತು. ಆಫೀಸಿನಿಂದಲೇ ಫೋನು ಮಾಡಿದರು.

“ಏ, ತೇಜು ಗೆದ್ಬುಟ್ಟ ಕಣೇ! ಆನರ್ ಸೊಸೈಟಿಗೆ ಕರ್ದವ್ರೆ!”

“ಹಾಗಂದ್ರೆ ಏನು?”

“ಅದೇ ಕಣೇ, ಬ್ಯುಸಿನೆಸ್ ಓದೋ ಹುಡುಗ್ರಲ್ಲಿ ಟಾಪ್‌ನಲ್ಲಿರೋರ್ನ ಮಾತ್ರ ಆರಿಸ್ಕೊಳೋ ಸಂಘ. ಓದು ನೀನೇ.”

ನಾನೂ ಓದಿದೆ. ಕನ್ನಡಕ ಹಾಕಿಕೊಂಡು, ಮೇಲಿಂದ ಕೆಳಕ್ಕೆ ಓದಿದೆ. “ಪ್ರಿಯ ವಿದ್ಯಾರ್ಥಿ” ಎಂದು ಶುರುವಾಗಿತ್ತು. ನಿಮ್ಮ ಪರಿಶ್ರಮ, ನಿಮ್ಮ ಅಂಕಗಳು, ನಿಮ್ಮ ಉಜ್ವಲ ಭವಿಷ್ಯ ಎಂದೆಲ್ಲ ಇತ್ತು. ಉಜ್ವಲ ಭವಿಷ್ಯ ಎಂದಮೇಲೆ ಅದು ನನ್ನದಿರಲು ಹೇಗೆ ಸಾಧ್ಯ? ಮೊಣಕಾಲು ನೋವಿಗೆ ಎಣ್ಣೆ ಹಚ್ಚಿಕೊಳ್ಳುವ ಹೆಂಗಸಿಗೆ ಯಾರಾದರೂ ಹಾಗೆ ಬರೆಯುತ್ತಾರೆಯೇ? ಕಣ್ಣಲ್ಲಿ ನೀರು ತುಂಬಿಕೊಂಡು ಕೇಸರಿಬಾತಿಗೆ ರವೆ ಹುರಿಯಲು ಹೋದೆ. ನಾನು ದ್ರಾಕ್ಷಿ ಗೋಡಂಬಿ ಹಾಕುವಷ್ಟರಲ್ಲಿ ಇವರು ಸುಮಾಳ ಗ್ರೂಪಿನಲ್ಲಿ ಸುದ್ದಿ ಹಾಕಿಯಾಗಿತ್ತು. ಹೂಗುಚ್ಛದ ಚಿತ್ರಗಳೇನು, ಚಪ್ಪಾಳೆಯ ಕೈಗಳೇನು, “ತೇಜಸ್‌ಗೆ ಅಭಿನಂದನೆ, ಕನ್ನಡದ ಹೆಮ್ಮೆ” ಎನ್ನುವುದೇನು! ಬಿಸಿ ಕೇಸರಿಬಾತು ಆರುವ ಮೊದಲೇ ನಮ್ಮ ಹುಡುಗ ಈ ಬೇ ಏರಿಯಾದ ಊರುಗಳಿಗೆಲ್ಲ ಬುದ್ಧಿವಂತನಾಗಿಬಿಟ್ಟ.

ಸಂಜೆ ಇವರು ಬಂದು ಫೋನು ಸ್ಪೀಕರಿಗೆ ಹಾಕಿದರು.

“ಕಂಗ್ರಾಟ್ಸ್ ಕಣ್ಲಾ ಮಗನೇ!”

“ಫಾರ್ ವಾಟ್?” ಎಂದ ತೇಜು.

“ಏನ್ಲಾ ಫಾರ್ ವಾಟ್ ಅಂದ್ರೆ? ಆನರ್ ಸೊಸೈಟಿ!”

ಲೈನು ಹೋಯಿತೇನೋ ಎಂದು ನಾನು ಫೋನು ಎತ್ತಿ ನೋಡಿದೆ.

“ಅಪ್ಪಾ, ನಾಟ್ ಮಿ,” ಎಂದ ಕೊನೆಗೆ. “ಐ ಡ್ರಾಪ್ಡ್ ಅಕೌಂಟಿಂಗ್. ಲಾಸ್ಟ್ ಮಂತ್. ಐ ವಾಸ್ ಫೇಲಿಂಗ್.”

ಅವನು ಅದನ್ನು ನಮಗೆ ಯಾವಾಗ ಹೇಳಬೇಕೆಂದಿದ್ದನೋ, ಹೇಗೆ ಹೇಳಬೇಕೆಂದಿದ್ದನೋ. ಅಭಿನಂದನೆಗೆ ಉತ್ತರವಾಗಿ ಹೇಳಬೇಕಾಗುತ್ತದೆ ಎಂದಂತೂ ಅಂದುಕೊಂಡಿರಲಿಲ್ಲ, ಪಾಪ. ಆ ಇಮೇಲನ್ನು ತನಗೆ ಕಳಿಸಿ ಎಂದ. ಕಳಿಸಿದೆವು. ಸ್ವಲ್ಪ ಹೊತ್ತಿಗೆ ಅವನ ಧ್ವನಿ ಬಂತು. “ಇಟ್ಸ್ ಅಮ್ಮಾಸ್ ಕಾಲೇಜ್. ಕೆಳಗೆ ಇದೆ ನೋಡಿ. ಇಟ್ಸ್ ಅಮ್ಮಾ.”

ಇವರು ನನ್ನ ಕಡೆ ತಿರುಗಿದರು. ಬಾಗಿಲು ತಟ್ಟಿದ ಅಪರಿಚಿತರನ್ನು ನೋಡುವ ಹಾಗೆ ನೋಡಿದರು.

“ನೀನಾ?” ಎಂದರು.

“ನಾನಾ?” ಎಂದೆ ನಾನೂ.

ಕೇಸರಿಬಾತು ಯಾರ ಹೆಸರಿನಲ್ಲಿ ತಿನ್ನಬೇಕೆಂದು ತಿಳಿಯದೆ ಆ ದಿನ ಇಬ್ಬರೂ ಮೊಸರನ್ನ ತಿಂದೆವು.

ನನಗೆ ಆ ರಾತ್ರಿ ಸಂತೋಷವಾಯಿತೋ ಇಲ್ಲವೋ ಎಂದು ಇವತ್ತಿಗೂ ಹೇಳಲಾರೆ. ಸಂತೋಷ ಪಡೋಣವೆಂದು ಹೊರಟರೆ ಮಗನ ಮುಖ ಬರುತ್ತಿತ್ತು, ಮಗನಿಗಾಗಿ ದುಃಖ ಪಡೋಣವೆಂದರೆ ಆ “ಪ್ರಿಯ ವಿದ್ಯಾರ್ಥಿ” ಬಂದು ಕಚಗುಳಿ ಇಡುತ್ತಿತ್ತು. ಬಿಸಿ ತುಪ್ಪ, ಉಗುಳಲಾರೆ, ನುಂಗಲಾರೆ.

ಇವರಿಗೆ ಬೇರೆಯೇ ಅನುಮಾನ. ಮರುದಿನ ಕಂಪ್ಯೂಟರಿನ ಮುಂದೆ ಕೂತು ಆ ಸಂಘದ ಜಾತಕ ಜಾಲಾಡಿದರು. ಹೆಸರು ನೋಡಿದರೆ ಮೂರು ಗ್ರೀಕ್ ಅಕ್ಷರ. ನಾನು ಕಂಡಂತೆ ಆಲ್ಫಾ, ಬೀಟಾ ಎಲ್ಲ ರೇಖಾಗಣಿತದಲ್ಲಿ ಮೂಲೆಗೆ ಬರೆಯುವ ಅಕ್ಷರಗಳು. ವ್ಯಾಪಾರ ಓದುವವರಿಗೆ ಗ್ರೀಸ್ ದೇಶದಿಂದ ಏನಾಗಬೇಕಾಗಿದೆ? ಅದು ಹೋಗಲಿ, ಸೇರುವವರು ಸದಸ್ಯತ್ವದ ಶುಲ್ಕ ಬೇರೆ ಕಟ್ಟಬೇಕಂತೆ.

“ನೋಡ್ದಾ? ಸನ್ಮಾನ ಮಾಡುಸ್ಕೊಳೋರೇ ಕಾಸು ಕೊಡ್ಬೇಕಂತೆ!” ಎಂದು ಇವರು ನಕ್ಕರು. ಆಮೇಲೆ ಸ್ವಲ್ಪ ಯೋಚಿಸಿ, “ನಮ್ ಕಡೇಲೂ ಹಂಗೇ ಅಲ್ವಾ, ಬುಡು” ಎಂದರು.

ಅದೂ ನಿಜವೇ. ನಮ್ಮ ಬೀರುವಿನಲ್ಲಿ ಸನ್ಮಾನದ ಶಾಲುಗಳ ಒಂದು ಗಂಟೇ ಇದೆ. ಇವರು ಇಲ್ಲಿನ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಮೈಕು ಜೋಡಿಸುತ್ತಾರೆ, ಕುರ್ಚಿ ಸಾಗಿಸುತ್ತಾರೆ, ಅದಕ್ಕೆ ವರ್ಷಕ್ಕೊಂದು ಶಾಲು. ಅವನ್ನೇ ನಾವು ಬೇರೆಯವರಿಗೆ ಹೊದಿಸುತ್ತೇವೆ, ಅವರು ಇನ್ನೊಬ್ಬರಿಗೆ. ಒಮ್ಮೆ ನಾವು ಹೊದಿಸಿದ ಶಾಲು, ಒಗ್ಗರಣೆಯ ಕಲೆಯ ಸಮೇತ, ಮೂರು ಮನೆ ಸುತ್ತಿ ನಮಗೇ ವಾಪಸು ಬಂದಿತ್ತು. ಆದರೆ ಅಷ್ಟು ಶಾಲುಗಳಲ್ಲಿ ನನಗೆ ಹೊದಿಸಿದ್ದು ಒಂದೂ ಇರಲಿಲ್ಲ. ಇದು ನನಗೆ ಆವತ್ತೇ ಹೊಳೆದದ್ದು. ಆ ಇಮೇಲಿನಲ್ಲಿ ಒಂದು ಸಮಾರಂಭಕ್ಕೆ ಆಮಂತ್ರಣವೂ ಇತ್ತು. ಹೋಗಬೇಕು ಅನ್ನಿಸಿತು, ಸುಮ್ಮನೆ ಹೇಳುವುದೇಕೆ, ಬಹಳ ಅನ್ನಿಸಿತು.

ಆದರೆ ತೇಜು ಫೋನು ಎತ್ತುವುದನ್ನೇ ನಿಲ್ಲಿಸಿದ್ದ. ಅವನ ಸಿಟ್ಟು ನನ್ನ ಅಂಕಗಳ ಮೇಲೆ ಅಲ್ಲ ಎಂದು ನನಗೆ ಗೊತ್ತಿತ್ತು. ಸುಮಾಳ ಗ್ರೂಪಿನಲ್ಲಿ ಹೂಗುಚ್ಛಗಳು ಇನ್ನೂ ಬರುತ್ತಲೇ ಇದ್ದವು. ಅವನ ಸ್ನೇಹಿತರ ತಾಯಂದಿರೆಲ್ಲ ಅಲ್ಲಿದ್ದಾರೆ, ಅವರು ತಮ್ಮ ಮಕ್ಕಳಿಗೆ ಹೇಳಿದ್ದಾರೆ, ಆ ಮಕ್ಕಳು ಇವನಿಗೆ ಶುಭಾಶಯ ಕಳಿಸಿದ್ದಾರೆ. ಫೇಲಾಗುತ್ತೇನೆಂದು ಕ್ಲಾಸು ಬಿಟ್ಟ ಹುಡುಗನಿಗೆ, ಅದೇ ವಿಷಯಕ್ಕೆ!

“ರೀ, ಗ್ರೂಪಲ್ಲಿ ಸರಿ ಮಾಡ್ರಿ,” ಎಂದೆ.

“ಈಗ ಏನಂತ ಬರೆಯೋದು?” ಎಂದರು ಇವರು. “ಸ್ವಲ್ಪ ದಿನ ಬುಟ್ರೆ ಜನ ಮರೀತಾರೆ.”

ಜನ ಮರೆಯಲಿಲ್ಲ. ಅಂಥದ್ದನ್ನೆಲ್ಲ ಮರೆಯುವ ಜನವಾಗಿದ್ದರೆ ನಾವು ಕನ್ನಡದವರು ಹೇಗಾಗುತ್ತಿದ್ದೆವು, ನೀವೇ ಹೇಳಿ.

ಅತ್ತ ಲಿಂಡಾ ಮೇಡಂ ಕ್ಲಾಸು ಮುಗಿದ ಮೇಲೆ ನನ್ನನ್ನು ನಿಲ್ಲಿಸಿಕೊಂಡು, ಆಮಂತ್ರಣಕ್ಕೆ ಉತ್ತರ ಬಂದಿಲ್ಲವಲ್ಲ, ಬರುತ್ತೀರಿ ತಾನೇ ಎಂದು ಕೇಳಿದರು. ಅವರೇ ಆ ಸಂಘದ ಸಲಹೆಗಾರರಂತೆ.

“ನನ್ನ ಮಗನನ್ನ ಕೇಳ್ಬೇಕು ಮೇಡಂ,” ಎಂದೆ, ನನಗೆ ಬಂದ ಇಂಗ್ಲಿಷಿನಲ್ಲಿ.

“ಮಗನನ್ನೇ? ಎಷ್ಟು ವಯಸ್ಸು ಅವನಿಗೆ?”

“ಇಪ್ಪತ್ತು.”

ಗಂಡನನ್ನು ಕೇಳಬೇಕು ಎಂದಿದ್ದರೆ ಅವರಿಗೆ ನನ್ನ ಬಗ್ಗೆ ಮರುಕವಾದರೂ ಹುಟ್ಟುತ್ತಿತ್ತೇನೋ. ಮಗನನ್ನು ಕೇಳುವ ತಾಯಿಯನ್ನು ಯಾವ ಪಟ್ಟಿಗೆ ಸೇರಿಸಬೇಕೆಂದು ಅವರಿಗೆ ತಿಳಿಯಲಿಲ್ಲ. ನನಗೂ ತಿಳಿದಿರಲಿಲ್ಲ, ಬಿಡಿ.

ಮನೆಗೆ ಬಂದವಳೇ ಗಟ್ಟಿ ಮನಸ್ಸು ಮಾಡಿ ಗ್ರೂಪಿನಲ್ಲಿ ನಾನೇ ಬರೆದೆ. “ಎಲ್ಲರಿಗೂ ನಮಸ್ಕಾರ. ಆನರ್ ಸೊಸೈಟಿಗೆ ಆಯ್ಕೆಯಾದದ್ದು ತೇಜಸ್ ಅಲ್ಲ, ನಾನು.” ಆಮೇಲೆ ಒಂದು ನಗುವ ಮುಖ ಬಂತು. ಇನ್ನೊಂದು ಬಂತು. ಕಣ್ಣಲ್ಲಿ ನೀರು ಬರುವಂತೆ ಬಿದ್ದು ನಗುವ ಮುಖಗಳ ಸಾಲೇ ಬಂತು. “ಪ್ರಮೀಳಾ ಆಂಟಿ ಸೂಪರ್ ಜೋಕ್,” ಎಂದು ಒಬ್ಬಳು ಬರೆದಳು. ಸುಮಾ, “ಮಗನ ಸಾಧನೆಯಲ್ಲಿ ಅಮ್ಮನ ಪಾಲೂ ಇದ್ದೇ ಇದೆ, ಎಷ್ಟು ಚೆನ್ನಾಗಿ ಹೇಳಿದ್ರಿ” ಎಂದು ಎರಡು ಕೈ ಮುಗಿದಳು. ಅಯ್ಯೋ ರಾಮಾ! ಸಿಟ್ಟಿಗೆ ನನ್ನ ಕಿವಿ ಬಿಸಿಯಾಯಿತು. ನಗು ಬೇರೆ ಬಂತು. ಫೋನನ್ನು ಅಕ್ಕಿ ಡಬ್ಬದ ಮೇಲೆ ಕುಕ್ಕಿ ಕೂತುಬಿಟ್ಟೆ.

ಆದರೂ ಅದನ್ನು ಹಾಗೇ ತೇಜುವಿಗೆ ಕಳಿಸಿದೆ. ಜೊತೆಗೆ ಸಮಾರಂಭದ ಜಾಗ, ದಿನ. “ಇಬ್ಬರಿಗೆ ಮಾತ್ರ ಜಾಗ ಕೊಡ್ತಾರೆ. ಒಂದು ಅಪ್ಪಂಗೆ. ನೀನು ಬೇಡ ಅಂದ್ರೆ ನಾನೂ ಹೋಗಲ್ಲ,” ಎಂದು ಬರೆದೆ. ಬಹಳ ಹೊತ್ತಾದ ಮೇಲೆ ಅವನಿಂದ ಒಂದು ಹೆಬ್ಬೆರಳು ಬಂತು. ಮಾತಿಲ್ಲ, ಬರೀ ಹೆಬ್ಬೆರಳು. ಅದರ ಅರ್ಥವೇನು? ಬರುತ್ತೇನೆಂದೋ? ನೋಡಿದೆನೆಂದೋ? ಹೋಗು ಎಂದೋ? ಹೋಗಬೇಡ ಎಂದಾಗಿದ್ದರೆ ಬೆರಳು ಕೆಳಗೆ ಇರಬೇಕಿತ್ತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಲಿಂಡಾ ಮೇಡಂಗೆ ಬರುತ್ತೇನೆಂದು ಹೇಳಿದೆ. ಮುಂದಿನ ಎರಡು ವಾರ ಆ ಹೆಬ್ಬೆರಳನ್ನು ನಾನು ತೆಗೆದು ತೆಗೆದು ನೋಡುತ್ತಿದ್ದೆ.

ಸಮಾರಂಭ ಒಂದು ಶನಿವಾರ ಸಂಜೆ, ಕಾಲೇಜಿನ ಲೈಬ್ರರಿಯ ಪಕ್ಕದ ಕೋಣೆಯಲ್ಲಿ. ನಾನು ಮೈಸೂರು ಸಿಲ್ಕ್ ಉಟ್ಟಿದ್ದೆ. ಮಿಕ್ಕವರಲ್ಲಿ ಅರ್ಧ ಜನ ಬೂಟಿನ ಬದಲು ಹವಾಯಿ ಚಪ್ಪಲಿ ಹಾಕಿಕೊಂಡು ಬಂದಿದ್ದರು. ಇವರು ತಮ್ಮ ಪಕ್ಕದ ಕುರ್ಚಿಯ ಮೇಲೆ ಜಾಕೆಟ್ಟು ಹಾಸಿದರು. ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದು ಬೆಳೆದವರು ಅವರು, ಇಲ್ಲಿ ಖಾಲಿ ಕುರ್ಚಿಗಳು ಬೇಕಾದಷ್ಟಿದ್ದರೂ ಕೈ ಸುಮ್ಮನಿರಬೇಕಲ್ಲ. ಯಾರೋ ಬಂದು ಈ ಜಾಗ ಖಾಲಿಯೇ ಎಂದು ಕೇಳಿದಾಗಲೆಲ್ಲ “ಮೈ ಸನ್, ಮೈ ಸನ್” ಎನ್ನುತ್ತಿದ್ದರು. ದೀಪಗಳನ್ನು ಮಬ್ಬು ಮಾಡುವ ಹೊತ್ತಾಯಿತು. ಆ ಕುರ್ಚಿಯಲ್ಲಿ ಇನ್ನೂ ಜಾಕೆಟ್ಟೇ ಕೂತಿತ್ತು.

ಕೊರಳಿಗೆ ಹಗ್ಗ ಹಾಕಿದರು. ನಾನು ಶಾಲು ಹೊದಿಸಿಕೊಳ್ಳುವವರನ್ನು ನೋಡಿದ ಅಭ್ಯಾಸಕ್ಕೆ ಭುಜ ಬಗ್ಗಿಸಿ ನಿಂತೆ, ಬಿದ್ದದ್ದು ಹಗ್ಗ. ಇದೇ ಮರ್ಯಾದೆಯಂತೆ, ಪದವಿಯ ದಿನ ನಿಲುವಂಗಿಯ ಮೇಲೆ ಹಾಕಿಕೊಳ್ಳಬೇಕಂತೆ. ನಮ್ಮ ಕಡೆ ಕೊರಳಿಗೆ ಹಗ್ಗ ಹಾಕುವುದು ಸಂತೆಗೆ ಹೊರಟ ಹಸುವಿಗೆ. ಇವರ ಕಡೆ ನೋಡಿದೆ, ಅವರಿಗೂ ಅದೇ ಹೊಳೆದಿತ್ತು, ನಗು ತಡೆಯಲು ತುಟಿ ಕಚ್ಚಿಕೊಂಡಿದ್ದರು. ಆಮೇಲೆ ಸಂಘದ ಅಧ್ಯಕ್ಷೆ, ಮರಿಯಾ ಅಂತ ನನ್ನ ಕ್ಲಾಸಿನದೇ ಹುಡುಗಿ, ಪ್ರಮಾಣವಚನ ಬೋಧಿಸಿದಳು. ನಮ್ಮ ಮಂತ್ರಿಗಳೆಲ್ಲ ದೇವರ ಹೆಸರಿನಲ್ಲಿ, ರೈತರ ಹೆಸರಿನಲ್ಲಿ ಪ್ರಮಾಣ ಮಾಡುತ್ತಾರಲ್ಲ, ನಾನು ಯಾರ ಹೆಸರಿನಲ್ಲಿ ಮಾಡಲಿ? ಅವಳು ಹೇಳಿಕೊಟ್ಟದ್ದರಲ್ಲಿ ಯಾರ ಹೆಸರೂ ಇರಲಿಲ್ಲ. ಇರಲಿ ಎಂದು ಮನಸ್ಸಿನಲ್ಲೇ ಮನೆದೇವರನ್ನು ಸೇರಿಸಿಕೊಂಡೆ.

ಕೊನೆಗೆ ಎಲ್ಲರ ಕೈಯಲ್ಲೂ ಒಂದೊಂದು ಮೇಣದಬತ್ತಿ. ನಡುವಿನ ದೊಡ್ಡ ಬತ್ತಿಯಿಂದ ಒಬ್ಬೊಬ್ಬರೇ ಹಚ್ಚಿಕೊಂಡು ಸಾಲಾಗಿ ನಿಂತೆವು. ಇದು ಜ್ಞಾನದ ಬೆಳಕು, ಒಬ್ಬರಿಂದ ಒಬ್ಬರಿಗೆ ಎಂದು ಮರಿಯಾ ಓದಿದಳು. ಚೆನ್ನಾಗಿತ್ತು. ಮೊದಲ ಬಾರಿಗೆ ಅಲ್ಲಿ ಒಂದು ಸಂಗತಿ ನನಗೆ ಅರ್ಥವಾಯಿತು, ನಮ್ಮ ಕಾರ್ತಿಕದ ಹಾಗೇ ಎಂದುಕೊಂಡೆ. ಅಷ್ಟರಲ್ಲಿ ಅವಳು, “ಈಗ ನಿಮ್ಮ ಬತ್ತಿಗಳನ್ನು ಊದಬಹುದು,” ಎಂದಳು.

ಎಲ್ಲರೂ ಉಫ್ ಎಂದರು. ನನ್ನದು ಉರಿಯುತ್ತಲೇ ಇತ್ತು.

ಇಲ್ಲಿ ನಿಮಗೆ ನಮ್ಮ ಅತ್ತೆಯ ವಿಷಯ ಹೇಳಬೇಕು. ತೇಜು ಚಿಕ್ಕವನಿದ್ದಾಗ ಅವರು ಮಂಡ್ಯದಿಂದ ಬಂದು ಆರು ಆರು ತಿಂಗಳು ಇರುತ್ತಿದ್ದರು. ಅವನ ಹುಟ್ಟಿದ ಹಬ್ಬಕ್ಕೆ ಕೇಕು ತಂದು, ಮೇಲೆ ಬತ್ತಿ ಹಚ್ಚಿ, ಊದು ಎಂದೆವು. ಅತ್ತೆ ಎದ್ದು ನಿಂತರು. “ದೀಪಾನ ಊದ್ತಾರೇನ್ಲಾ? ಊದೋದು ಒಲೆ ಹತ್ಸಕ್ಕೆ ಕಣ್ಲಾ, ಆರ್ಸಕ್ಕಲ್ಲ!” ಎಂದು ಮೊಮ್ಮಗನ ಬಾಯಿ ಮುಚ್ಚಿದರು. ಅದು ದೀಪವಲ್ಲ, ಮೇಣದಬತ್ತಿ ಎಂದು ಇವರು ವಾದಿಸಿದರು. “ಉರಿಯೋದೆಲ್ಲ ದೀಪವೇ,” ಎಂದರು ಅತ್ತೆ. ದೀಪ ಆರಿಸು ಎಂದು ಬಾಯಲ್ಲಿ ಅನ್ನಲೂ ಬಾರದು, ಶಾಂತ ಮಾಡು ಎನ್ನಬೇಕು. ಅಂದಿನಿಂದ ನಮ್ಮ ಮನೆಯ ಕೇಕಿನ ಪಕ್ಕದಲ್ಲಿ ಒಂದು ಬಟ್ಟಲು ಹಾಲು, ಒಂದು ಹೂವು. ಹೂವನ್ನು ಹಾಲಿನಲ್ಲಿ ಅದ್ದಿ, ಒಂದೊಂದು ಬತ್ತಿಗೂ ಮುಟ್ಟಿಸಿ ಶಾಂತ ಮಾಡಬೇಕು. ಎರಡನೆಯ ಕ್ಲಾಸಿನಲ್ಲಿದ್ದಾಗ ಅವನ ಸ್ನೇಹಿತರು ಇದನ್ನು ನೋಡಿ ನಕ್ಕರು. ತೇಜು ಅಜ್ಜಿಯ ಕೈ ತಳ್ಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಲ್ಲಿಂದಾಚೆ ಅವನು ಮನೆಯಲ್ಲಿ ಹುಟ್ಟಿದ ಹಬ್ಬವೇ ಬೇಡವೆಂದ. ಅತ್ತೆ ತೀರಿಕೊಂಡು ವರ್ಷಗಳಾದವು, ನನ್ನ ಬಾಯಿ ಮಾತ್ರ ಇನ್ನೂ ದೀಪದ ಮುಂದೆ ಊದಲು ತೆರೆಯುವುದಿಲ್ಲ.

ಕೋಣೆಯ ಲೈಟುಗಳು ಬಂದವು. ಫೋಟೋಕ್ಕೆ ಎಲ್ಲರೂ ಸೇರುತ್ತಿದ್ದರು. ಬಿಸಿ ಮೇಣ ನನ್ನ ಬೆರಳ ಮೇಲೆ ತೊಟ್ಟಿಕ್ಕುತ್ತಿತ್ತು. ಮರಿಯಾ ಬಂದು ಪಿಸುಗುಟ್ಟಿದಳು, “ಈಗ ಊದಬಹುದು.”

“ಆಗಲ್ಲ,” ಎಂದೆ.

“ಸಹಾಯ ಬೇಕಾ?” ಎಂದು ಒಳ್ಳೆಯ ಹುಡುಗಿ ತಾನೇ ಬಗ್ಗಿ ಕೆನ್ನೆ ಉಬ್ಬಿಸಿದಳು.

“ಬೇಡಾ!” ಎಂದು ಕಿರುಚಿದೆ, ಅದೂ ಕನ್ನಡದಲ್ಲಿ. ಇಡೀ ಕೋಣೆ ತಿರುಗಿ ನೋಡಿತು. “ಊದ್ಬುಡೇ, ಯಾರೂ ನೋಡಾಕಿಲ್ಲ,” ಎಂದು ಇವರು ಕುರ್ಚಿಯಿಂದಲೇ ಎಲ್ಲರಿಗೂ ಕೇಳುವಂತೆ ಅಂದರು. ಲಿಂಡಾ ಮೇಡಂ ನನ್ನ ಕಡೆ ನಡೆದುಬಂದರು. ಏನು ಹೇಳಲಿ ಅವರಿಗೆ? ಮಂಡ್ಯದ ಮುದುಕಿಯೊಬ್ಬಳು ನನ್ನ ಬಾಯಿ ಮುಚ್ಚಿ ಹಿಡಿದಿದ್ದಾಳೆ ಎಂದೇ? ಕೊರಳಲ್ಲಿ ಹಗ್ಗ, ಕೈಯಲ್ಲಿ ಉರಿಯುವ ಬತ್ತಿ, ಕಣ್ಣಲ್ಲಿ ನೀರು. ನಾನೇಕೆ ಇಲ್ಲಿಗೆ ಬಂದೆನೋ, ನನಗೆ ಸೋಪಿನ ಡಬ್ಬಿಯೇ ಸಾಕಾಗಿತ್ತು ಅನ್ನಿಸಿತು.

ಆಗ ಹಿಂದಿನ ಗೋಡೆಯ ಹತ್ತಿರ, ಕಾಫಿ ಇಟ್ಟಿದ್ದ ಮೇಜಿನ ಕಡೆಯಿಂದ ಯಾರೋ ಜನರನ್ನು ಸರಿಸಿಕೊಂಡು ಬಂದರು. ತೇಜು. ಯಾವಾಗ ಬಂದಿದ್ದನೋ, ಕುರ್ಚಿಗೆ ಬಾರದೆ ಅಲ್ಲೇ ಹಿಂದೆ ನಿಂತಿದ್ದ. ಅವನ ಒಂದು ಕೈಯಲ್ಲಿ ಕಾಫಿಗೆ ಬೆರೆಸುವ ಹಾಲಿನ ಪುಟ್ಟ ಪ್ಲಾಸ್ಟಿಕ್ ಬಟ್ಟಲು. ಇನ್ನೊಂದು ಕೈಯಲ್ಲಿ ಹೂದಾನಿಯಿಂದ ಕಿತ್ತ ಬಿಳಿ ಸೇವಂತಿಗೆ.

“ಇಟ್ಸ್ ಓಕೆ,” ಎಂದ ಮರಿಯಾಗೆ. “ವಿ ಡೋಂಟ್ ಬ್ಲೋ.”

ಬಟ್ಟಲಿನ ಮೇಲಿನ ಹಾಳೆ ಹಲ್ಲಿನಿಂದ ಕಿತ್ತು, ಹೂವನ್ನು ಅದ್ದಿದ. ಅಷ್ಟು ಜನರ ಎದುರು, ಅವನ ಅಜ್ಜಿ ಹಿಡಿಯುತ್ತಿದ್ದ ಹಾಗೇ ಬಟ್ಟಲು ಹಿಡಿದ ಎಡಗೈಯನ್ನು ಬಲ ಮೊಣಕೈಗೆ ಮುಟ್ಟಿಸಿಕೊಂಡು, ಹೂವನ್ನು ಬತ್ತಿಗೆ ಮುಟ್ಟಿಸಿದ. ಚುಯ್ ಎಂದಿತು. ಹೊಗೆಯ ಎಳೆಯೊಂದು ಮೇಲಕ್ಕೆ ಹೋಯಿತು.

“ಅದು ಕ್ರೀಮೇ?” ಎಂದು ಲಿಂಡಾ ಮೇಡಂ ಕೇಳಿದರು, ಬೇರೇನು ಕೇಳಬೇಕೆಂದು ತೋಚದೆ.

“ಹಾಫ್ ಅಂಡ್ ಹಾಫ್,” ಎಂದ ತೇಜು, ಅಂದರೆ ಅರ್ಧ ಹಾಲು, ಅರ್ಧ ಕೆನೆ. “ಅಜ್ಜಿ ವುಡ್ ಬಿ ಮ್ಯಾಡ್.”

ನಾನು ಅವನನ್ನು ಅಲ್ಲೇ ತಬ್ಬಿಕೊಂಡು ಅತ್ತುಬಿಟ್ಟೆ. ಫೋಟೋದಲ್ಲಿ ಎಲ್ಲರೂ ಹಲ್ಲು ಕಿರಿದಿದ್ದಾರೆ, ನಾನು ಮಾತ್ರ ಮೂಗು ಒರೆಸಿಕೊಳ್ಳುತ್ತಿದ್ದೇನೆ.

ವಾಪಸು ಬರುವಾಗ ಇವರ ಜಾಕೆಟ್ಟಿನ ಪಕ್ಕ ಹಿಂದಿನ ಸೀಟಿನಲ್ಲಿ ಕೂತ ತೇಜು ಸೀಟ್ ಬೆಲ್ಟು ಎಳೆದು ಹಾಕಿಕೊಂಡ. ಆಮೇಲೆ, “ಆ ಓವರ್‌ಹೆಡ್ ಚಾಪ್ಟರ್ ನಿಂಗೆ ಅರ್ಥ ಆಗುತ್ತಾ?” ಎಂದ, ಕಿಟಕಿಯ ಕಡೆ ನೋಡುತ್ತಾ.

“ಸ್ವಲ್ಪ ಆಗುತ್ತೆ,” ಎಂದೆ.

“ಐ ಜಸ್ಟ್ ಡೋಂಟ್ ಗೆಟ್ ಇಟ್.”

“ಚಕ್ಕುಲಿ ಮಾಡೋವಾಗ ಅಕ್ಕಿಹಿಟ್ಟಿನ ಖರ್ಚು ಯಾವ ಚಕ್ಕುಲಿಗೆ ಎಷ್ಟು ಅಂತ ಹೇಳ್ಬಹುದಾ? ಹೇಳ್ಬಹುದು. ಆದ್ರೆ ಒಲೆ ಉರಿದ ಖರ್ಚು? ಅದನ್ನ ಎಲ್ಲಾ ಚಕ್ಕುಲಿಗೂ ಹಂಚ್ಬೇಕು, ಅದೇ ಓವರ್‌ಹೆಡ್.”

ಅವನು ಕಿಟಕಿಯಿಂದ ಮುಖ ತಿರುಗಿಸಿದ. “ವೇಟ್. ಸೇ ದಟ್ ಅಗೇನ್,” ಎಂದ. ಇವರು ಎಂದೂ ಇಲ್ಲದ್ದು ರೇಡಿಯೋ ಆರಿಸಿದರು.

ಹಗ್ಗ ದೇವರ ಪರದೆಗೆ ಬಂದದ್ದು ಮರುದಿನ. ನಾನು ಅದನ್ನು ಶಾಲುಗಳ ಗಂಟಿನಲ್ಲಿ ಇಡಲು ಹೊರಟಿದ್ದೆ, ತೇಜು ಕಿತ್ತುಕೊಂಡ. “ನಾಟ್ ವಿತ್ ದೋಸ್,” ಎಂದು ಪರದೆಗೆ ಕಟ್ಟಿದ. ಅದನ್ನು ಎಲ್ಲಿಡಬೇಕೆಂದು ಶಾಸ್ತ್ರದಲ್ಲಿ ಬರೆದಿಲ್ಲ, ಆ ಸಂಘದ ನಿಯಮಗಳಲ್ಲೂ ಬರೆದಿರಲಿಕ್ಕಿಲ್ಲ.

ಇಷ್ಟೆಲ್ಲವನ್ನೂ ನಾನು ಗೌರಿ ಹಬ್ಬದ ದಿನ ಸುಮಾಳಿಗೆ ಹೇಳಬೇಕಾಗಿತ್ತು. ಅವಳ ಕೈ ಇನ್ನೂ ಕುಚ್ಚಿನ ಮೇಲಿತ್ತು, ನನ್ನ ಕೈಯಲ್ಲಿ ಕುಂಕುಮದ ಬಟ್ಟಲು, ನನ್ನ ಬಾಯಿ ತೆರೆದೇ ಇತ್ತು. ಹಬ್ಬಕ್ಕೆ ಮನೆಗೆ ಬಂದು, ಊಟದ ಮೇಜಿನ ಮೇಲೆ ತಾನು ಮತ್ತೆ ಸೇರಿಕೊಂಡಿದ್ದ ಅಕೌಂಟಿಂಗ್ ಕ್ಲಾಸಿನ ಪುಸ್ತಕ ಹರಡಿಕೊಂಡು, ಕೋಸಂಬರಿ ತಿನ್ನುತ್ತಾ ಕೂತಿದ್ದ ತೇಜು ತಲೆ ಎತ್ತದೆ ಹೇಳಿದ.

“ಅದು ಅಮ್ಮಂದು, ಆಂಟಿ. ಆನರ್ ಸೊಸೈಟಿದು.”

ಸುಮಾ ಹಗ್ಗವನ್ನು ನೋಡಿದಳು, ನನ್ನನ್ನು ನೋಡಿದಳು. “ಅಂದ್ರೆ... ಅವತ್ತು ಗ್ರೂಪಲ್ಲಿ ಹಾಕಿದ್ದು ಜೋಕ್ ಅಲ್ವಾ?”

“ಅಲ್ಲ,” ಎಂದೆ.

“ಅಯ್ಯೋ ದೇವರೇ, ನಾನು ಕೈ ಬೇರೆ ಮುಗ್ದಿದ್ನಲ್ಲ!” ಎಂದು ಅವಳು ಹಣೆ ಚಚ್ಚಿಕೊಂಡಳು. ಮಾತು ಬದಲಾಯಿಸಬೇಕೆಂದೋ ಏನೋ ಅವನ ಕಡೆ ತಿರುಗಿ, “ಮತ್ತೆ ನಿನ್ನ ಹಗ್ಗ ಯಾವಾಗಪ್ಪಾ?” ಎಂದು ಕೇಳಿದಳು.

ತೇಜು ಪೆನ್ನಿನ ತುದಿ ಕಚ್ಚಿ ಸ್ವಲ್ಪ ಯೋಚಿಸಿದ.

“ಫಸ್ಟ್ ಪಾಸ್ ಆಗ್ಬೇಕು, ಆಂಟಿ,” ಎಂದ. “ಅಮ್ಮ ಹೇಳ್ಕೊಡ್ತಿದ್ದಾರೆ. ಶಿ ಈಸ್ ವೆರಿ ಸ್ಟ್ರಿಕ್ಟ್.”

ನಾನು ಸುಮಾಳಿಗೆ ಕುಂಕುಮ ಕೊಟ್ಟೆ. ಆಮೇಲೆ ಇನ್ನೊಂದು ಸಲ ಕೊಟ್ಟೆ. ಅವಳೂ ಎರಡು ಸಲವೂ ಇಟ್ಟುಕೊಂಡಳು.